ಒಂದು ಟೋರ್ಟಿಯಾ, ಒಂಬತ್ತು ಊಟ

ದಿನಕ್ಕೆ ಮೂರು ಟೋರ್ಟಿಯಾ ತಿಂದುಕೊಂಡು ತೆಪ್ಪಗಿದ್ದಿದ್ದರೆ ಯಾವ ರಗಳೆಯೂ ಇರುತ್ತಿರಲಿಲ್ಲ. ಆದರೆ ನಮ್ಮ ಗುಮಾಸ್ತರಿಗೆ ತೆಪ್ಪಗಿರುವುದು ಗೊತ್ತಿಲ್ಲ. ಕೆಲಸ ತಪ್ಪಿಸಿಕೊಳ್ಳುವುದಕ್ಕೆ ಎಷ್ಟು ಕಷ್ಟ ಬೇಕಾದರೂ ಪಡುವ ಜನ ಅವರು.

ತಿಂಗಳ ಹಿಂದೆ ಡಾಕ್ಟರು ಅವರ ರಕ್ತದ ರಿಪೋರ್ಟು ನೋಡಿ, ಕರಿದ ಪದಾರ್ಥ ಮುಟ್ಟಬೇಡಿ ಎಂದಿದ್ದರು. ಅವತ್ತಿನಿಂದ ಮನೆಗೆ ಟೋರ್ಟಿಯಾ ಬಂತು. ಇಡೀ ಗೋಧಿಯ ತೆಳ್ಳನೆ ದುಂಡು ಹಾಳೆ, ಒಳಗೆ ಕಾಳು, ತರಕಾರಿ ಇಟ್ಟು ಸುತ್ತಿದರೆ ಹತ್ತು ನಿಮಿಷದಲ್ಲಿ ಊಟ ತಯಾರು. ಹೆಂಡತಿ ಶಾಲೆಯ ಟೀಚರು. ಮೂರು ದಿನದ ತರಬೇತಿಗೆಂದು ಬೆಳಿಗ್ಗೆ ಆರರ ಬಸ್ಸಿಗೆ ಹೊರಡುವಾಗ ಹತ್ತು ಟೋರ್ಟಿಯಾಗಳ ಪ್ಯಾಕೆಟ್ಟನ್ನು ಗಂಡನ ಕೈಗಿಟ್ಟು, ಪ್ರತಿ ಊಟದ ಫೋಟೋ ಕಳಿಸಬೇಕೆಂದು ಹೇಳಿದರು. ಆಮೇಲೆ ಬಾಗಿಲಲ್ಲಿ ನಿಂತು ಮೆತ್ತಗೆ ಇನ್ನೊಂದು ಮಾತು ಸೇರಿಸಿದರು.

"ಒಂದು ಫೋಟೋ ತಪ್ಪಿದ್ರೂ ಅಪ್ಪನ್ನ ಕರೆಸ್ತೀನಿ ರೀ. ಒಂದು ತಿಂಗಳು ನಿಮ್ಮ ಜೊತೇಲೇ ಇದ್ದು ನೋಡ್ಕೋತಾರೆ."

ಅಪ್ಪ ಎಂದರೆ ಗುಮಾಸ್ತರ ಮಾವ, ನಿವೃತ್ತ ಡ್ರಿಲ್ ಮೇಷ್ಟ್ರು. ಹಿಂದೊಮ್ಮೆ ನಾಲ್ಕು ದಿನ ಬಂದಿದ್ದಾಗ ಅಳಿಯನನ್ನು ಐದು ಗಂಟೆಗೆ ಎಬ್ಬಿಸಿ ಮಹಡಿ ಮೇಲೆ ಓಡಿಸಿದ್ದರು. ನಾಲ್ಕು ದಿನಕ್ಕೇ ಗುಮಾಸ್ತರ ಮಂಡಿ ಬಾತಿತ್ತು. ತಿಂಗಳೆಂದರೆ ಗತಿಯೇನು?

ಇಲ್ಲಿ ಅವರ ಕಚೇರಿಯ ಪದ್ಧತಿ ಹೇಳಬೇಕು. ನೀರಿನ ಟ್ಯಾಂಕುಗಳ ದಿನದಿನದ ತಪಾಸಣೆ ವರದಿ ಬರೆಯುವುದು ಗುಮಾಸ್ತರ ಕೆಲಸ. ಮೂವತ್ತು ದಿನದ ವರದಿಯನ್ನೂ ಅವರು ಒಂದನೇ ತಾರೀಖೇ ಬರೆದು ಮುಗಿಸುತ್ತಿದ್ದರು. ಅವರಿಗಿಂತ ಮೊದಲು ಆ ಕುರ್ಚಿಯಲ್ಲಿದ್ದವರೂ ಹಾಗೇ ಮಾಡುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಟ್ಯಾಂಕಿನ ನೀರು ಸ್ವಚ್ಛವಾಗಿಯೇ ಇತ್ತು, ಕಾಗದದಲ್ಲಿ.

ಹಾಗಾಗಿ ಬಸ್ಸು ಮೂಲೆ ತಿರುಗಿದ್ದೇ ತಡ, ಗುಮಾಸ್ತರು ಒಳಗೆ ಬಂದು ಮೂರು ದಿನದ ಒಂಬತ್ತು ಊಟಗಳನ್ನೂ ಒಟ್ಟಿಗೇ ಮುಗಿಸಲು ಕೂತರು. ತಿನ್ನುವುದಕ್ಕಲ್ಲ, ಫೋಟೋಕ್ಕೆ. ಒಂದೇ ಟೋರ್ಟಿಯಾ ಸಾಕಾಯಿತು. ಅದರ ಮೇಲೆ ಡಬ್ಬಿಯಿಂದ ಒಣ ಕಾಳು ಸುರಿದು ಕೊತ್ತಂಬರಿ ಸೊಪ್ಪು ಮುಚ್ಚಿದರು, ಒಂದು ಫೋಟೋ. ಕಾಳು ತೆಗೆದು ಹಸಿ ಕೋಸು ಇಟ್ಟು ಸುತ್ತಿದರು, ಇನ್ನೊಂದು. ಬಿಚ್ಚಿ, ಮಡಿಸಿ, ತಟ್ಟೆ ಬದಲಿಸಿ, ಕಿಟಕಿ ಪರದೆ ಎಳೆದು ಒಂಬತ್ತು ಮುಗಿಸುವ ಹೊತ್ತಿಗೆ ಆ ಬಡ ಟೋರ್ಟಿಯಾ ಹಳೇ ಒರೆಸುಬಟ್ಟೆಯ ಹಾಗೆ ಆಗಿತ್ತು. ಅದನ್ನು ಕಸದ ಬುಟ್ಟಿಗೆ ಹಾಕಿ, ಶಿಳ್ಳೆ ಹೊಡೆಯುತ್ತಾ ಕಚೇರಿಗೆ ಹೋದರು.

ಹತ್ತು ಗಂಟೆಗೆ ಕ್ಯಾಂಟೀನಿನಲ್ಲಿ ಒಂದು ತಟ್ಟೆ ಕರಿದ ಆಲೂಗೆಡ್ಡೆ ಮುಂದಿಟ್ಟುಕೊಂಡು, ಬೆಳಗಿನ ತಿಂಡಿಯ ಫೋಟೋ ಕಳಿಸೋಣವೆಂದು ಫೋನು ತೆಗೆದರು. ಬೆರಳೆಲ್ಲ ಎಣ್ಣೆ. ಎಣ್ಣೆಬೆರಳಿಗೆ ಫೋನು ಎಂದಾದರೂ ಮಾತು ಕೇಳಿದ್ದುಂಟೇ? ಒಂದನ್ನು ಒತ್ತಿದರೆ ಒಂಬತ್ತೂ ಹೋದವು. ಅಳಿಸಿ ಹಾಕುವಷ್ಟರಲ್ಲಿ ಹೆಂಡತಿ ನೋಡಿಯಾಗಿತ್ತು, ಫೋನು ಬಂದೂ ಆಗಿತ್ತು.

ಬೆಳಿಗ್ಗೆ ಬೆಳಿಗ್ಗೆ ಒಂಬತ್ತು ತಟ್ಟೆ ಯಾರಿಗೆ ಎಂದು ಅವರು ಕೇಳಿದರು. ಗುಮಾಸ್ತರ ಬಾಯಿ ತುಂಬ ಆಲೂಗೆಡ್ಡೆಯಿತ್ತು. ಅದನ್ನು ನುಂಗುವಷ್ಟು ಹೊತ್ತಿನಲ್ಲಿ ಹೊಳೆದದ್ದು ಒಂದೇ ಸುಳ್ಳು. ಅಕ್ಕಪಕ್ಕದವರನ್ನು ಮಧ್ಯಾಹ್ನ ಊಟಕ್ಕೆ ಕರೆದಿದ್ದೇನೆ, ಒಳ್ಳೆಯ ಊಟ ನಾವೊಬ್ಬರೇ ಮಾಡಿದರೆ ಹೇಗೆ, ಮಾದರಿಗೆಂದು ಮಾಡಿ ನೋಡಿದೆ ಎಂದುಬಿಟ್ಟರು.

ಆ ಕಡೆಯಿಂದ, "ಒಳ್ಳೇದು. ಒಂದು ಗಂಟೆಗೆ ಎದುರು ಮನೆ ಮಿಸ್‌ಗೆ ಫೋನ್ ಮಾಡಿ, ಹೇಗಿತ್ತು ಅಂತ ಕೇಳ್ತೀನಿ" ಎಂಬ ಉತ್ತರ ಬಂತು.

ಎದುರು ಮನೆ ಮಿಸ್ ಎಂದರೆ ಹೆಣ್ಣುಮಕ್ಕಳ ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ. ಸುಳ್ಳು ಹೇಳುವವರಲ್ಲ, ಹೇಳಿಸಿಕೊಳ್ಳುವವರೂ ಅಲ್ಲ. ಗುಮಾಸ್ತರು ತಲೆನೋವೆಂದು ಅರ್ಧ ದಿನ ರಜೆ ಬರೆದುಕೊಟ್ಟು ಮನೆಗೆ ಓಡಿದರು. ಅಷ್ಟು ಹೊತ್ತಿಗೆ ತಲೆನೋವು ನಿಜವಾಗಿಯೂ ಬಂದಿತ್ತು.

ಮಿಸ್ಸನ್ನು ಕರೆದದ್ದಾಯಿತು. ಕೆಳಗಿನ ಮನೆಯ ಟೈಲರು ಮೆಟ್ಟಿಲ ಮೇಲೆ ಸಿಕ್ಕರು, ಅವರನ್ನೂ ಕರೆದರು. ಟೈಲರು ಸಂಕೋಚವಿಲ್ಲದೆ ತಮ್ಮ ಮನೆಯಲ್ಲಿ ಆರು ಜನ ಇದ್ದೇವೆ ಎಂದು ತಿಳಿಸಿದರು. ಹನ್ನೆರಡಕ್ಕೆ ಗುಮಾಸ್ತರು ಒಲೆಯ ಮುಂದೆ ನಿಂತು ತಮ್ಮದೇ ಫೋಟೋಗಳನ್ನು ನೋಡುತ್ತಿದ್ದರು. ಫೋಟೋದಲ್ಲಿ ಕಾಳು ಚೆನ್ನಾಗಿ ಕಾಣುತ್ತಿತ್ತು. ಪಾತ್ರೆಯಲ್ಲಿ ಅದೇ ಕಾಳು ಅರ್ಧ ಗಂಟೆ ಕುದ್ದರೂ ಗೋಲಿಯ ಹಾಗೇ ಕುಣಿಯುತ್ತಿತ್ತು. ಹಿಂದಿನ ರಾತ್ರಿ ನೆನೆಸಬೇಕೆಂದು ಪಾಪ ಅವರಿಗೆ ಯಾರು ಹೇಳಿದ್ದರು?

ಹನ್ನೆರಡೂವರೆಗೆ ಮಿಸ್ ಬಂದರು, ಹಿಂದೆಯೇ ಟೈಲರ ಪರಿವಾರ. ಮಿಸ್ ಕನ್ನಡಕ ಏರಿಸಿ ಪಾತ್ರೆಯೊಳಗೆ ಬಗ್ಗಿ ನೋಡಿದರು. ಉತ್ತರ ಪತ್ರಿಕೆ ನೋಡಿದ ಹಾಗೆಯೇ ನೋಡಿ ತಲೆಯೆತ್ತಿದರು.

"ಏನಪ್ಪಾ ಇದು, ಊಟವೋ, ಹಲ್ಲಿನ ಡಾಕ್ಟರಿಗೆ ಗಿರಾಕಿ ಕಳಿಸೋ ಉಪಾಯವೋ?"

ಗುಮಾಸ್ತರಿಗೆ ಅಳುವೇ ಬಂತು. ಮೈಯೆಲ್ಲ ಬೆವರು, ಗಡಿಯಾರದಲ್ಲಿ ಹನ್ನೆರಡು ಮೂವತ್ತೈದು, ಕಣ್ಮುಂದೆ ಮಾವ. ಬೇರೆ ದಾರಿ ಕಾಣದೆ ಇದ್ದದ್ದು ಇದ್ದ ಹಾಗೆ ಒಪ್ಪಿಕೊಂಡರು. "ಒಂದು ಗಂಟೆಗೆ ಅವಳ ಫೋನ್ ಬರುತ್ತೆ ಮಿಸ್. ನೀವು ಚೆನ್ನಾಗಿಲ್ಲ ಅಂದ್ರೆ ಮಾವ ಬರ್ತಾರೆ. ನನ್ನನ್ನ ಉಳಿಸಿ" ಎಂದು ಸೌಟು ಹಿಡಿದುಕೊಂಡೇ ಕೈಮುಗಿದರು.

ಮಿಸ್ ಸೆರಗು ಬಿಗಿದರು. ಸುಳ್ಳು ಹೇಳುವುದಿಲ್ಲ, ನೀನೇ ಮಾಡು, ನಾನು ಹೇಳಿಕೊಡುತ್ತೇನೆ ಎಂದರು. ಟೈಲರ ಹೆಂಡತಿ ತಮ್ಮ ಮನೆಯಿಂದ ಬೇಯಿಸಿದ ಕಾಳಿನ ಪಾತ್ರೆಯನ್ನೇ ತಂದರು. ಗುಮಾಸ್ತರು ಸೌತೆಕಾಯಿ, ಟೊಮೆಟೊ ಹೆಚ್ಚಿದರು, ಜೊತೆಗೆ ಬೆರಳನ್ನೂ ಸ್ವಲ್ಪ. ಗಟ್ಟಿ ಮೊಸರಿಗೆ ಮೆಣಸಿನ ಪುಡಿ, ನಿಂಬೆಹಣ್ಣು ಬಿತ್ತು. ಟೋರ್ಟಿಯಾಗಳನ್ನು ಎಣ್ಣೆಯಿಲ್ಲದೆ ಹೆಂಚಿನ ಮೇಲೆ ಒಂದೊಂದು ಚಣ ಬಿಸಿ ಮಾಡಿದರು. ಸುತ್ತುವಾಗ ಮಾತ್ರ ಎಲ್ಲವೂ ತಳದಿಂದ ಸುರಿದುಹೋಗುತ್ತಿತ್ತು. ಟೈಲರಿಗೆ ನೋಡಿ ತಡೆಯಲಾಗಲಿಲ್ಲ. ಮೊದಲು ಕೆಳಗಿನ ಅಂಚು ಮಡಿಸಬೇಕು, ಆಮೇಲೆ ಎರಡು ಬದಿ, ಪ್ಯಾಂಟಿನ ಪಟ್ಟಿ ಮಡಿಸುವುದಿಲ್ಲವೇ ಹಾಗೆ ಎಂದು ಹೇಳಿಕೊಟ್ಟರು. ಹನ್ನೆರಡು ಐವತ್ತಕ್ಕೆ ಒಂಬತ್ತೂ ಸುತ್ತಿ ಮುಗಿದವು.

ಆಶ್ಚರ್ಯವೆಂದರೆ, ರುಚಿಯಾಗಿದ್ದವು. ಟೈಲರ ಮನೆಯ ಆರೂ ಜನ ತಿಂದು ಬೆರಳು ನೆಕ್ಕಿದರು. ಗುಮಾಸ್ತರೇ ಎರಡು ತಿಂದು, ತಿಂಗಳಿಂದ ಇದನ್ನು ಯಾಕೆ ಬೈಯುತ್ತಿದ್ದೆ ಎಂದು ನಾಚಿಕೊಂಡರು. ಸರಿಯಾಗಿ ಒಂದಕ್ಕೆ ಮಿಸ್ಸಿನ ಫೋನು ಬಡಿದುಕೊಂಡಿತು.

"ನನ್ನ ಕಣ್ಣೆದುರೇ ಮಾಡಿದಾನಮ್ಮ, ಅವನ ಕೈಯಾರೆ. ಒಂದು ತೊಟ್ಟು ಎಣ್ಣೆ ಇಲ್ಲ, ಇಪ್ಪತ್ತು ನಿಮಿಷ ಹಿಡೀಲಿಲ್ಲ. ನೂರಕ್ಕೆ ತೊಂಬತ್ತು ಕೊಡ್ತೀನಿ" ಎಂದರು ಮಿಸ್. ತಮ್ಮ ಶಾಲೆಯಲ್ಲಿ ಅವರು ಯಾರಿಗೂ ಎಪ್ಪತ್ತು ದಾಟಿ ಕೊಟ್ಟವರಲ್ಲ.

ಎಲ್ಲರೂ ಹೋದ ಮೇಲೆ ಗುಮಾಸ್ತರು ಮಂಚಕ್ಕೆ ಬಿದ್ದರು. ಅಂಥ ನೆಮ್ಮದಿಯ ನಿದ್ದೆ ಅವರಿಗೆ ಕಚೇರಿಯಲ್ಲೂ ಬಂದಿರಲಿಲ್ಲ. ನಾಲ್ಕು ಗಂಟೆಗೆ ಎಬ್ಬಿಸಿದ್ದು ಹೆಂಡತಿಯ ಫೋನು. ದನಿ ಹೊಸ ಮದುವಣಗಿತ್ತಿಯ ಹಾಗಿತ್ತು. ನಿಮ್ಮನ್ನು ತಪ್ಪು ತಿಳಿದಿದ್ದೆ, ಅಪ್ಪನಿಗೂ ಎಲ್ಲ ಹೇಳಿದೆ, ನಿಮ್ಮನ್ನು ಕಾಯುವುದಕ್ಕೆ ಅವರು ಬರುವುದು ಬೇಡ ಎಂದುಬಿಟ್ಟೆ ಎಂದರು. ಗುಮಾಸ್ತರು ಹಾಸಿಗೆಯ ಮೇಲೇ ಎದ್ದು ನಿಂತರು. ತರಗತಿ ಶುರುವಾಯಿತು, ಮಿಕ್ಕಿದ್ದು ಆಮೇಲೆ ಹೇಳುತ್ತೇನೆ ಎಂದು ಹೆಂಡತಿ ಫೋನಿಟ್ಟರು.

ಮಿಕ್ಕಿದ್ದು ಸಂಜೆ ಆರೂವರೆಗೆ ಬಾಗಿಲು ತಟ್ಟಿತು. ತೆರೆದರೆ ಮಾವ. ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಹಾಸಿಗೆ ಸುರುಳಿ. ಆಟೋದಿಂದ ಇನ್ನೂ ಎರಡು ಟ್ರಂಕು ಇಳಿಯುತ್ತಿದ್ದವು. ಗುಮಾಸ್ತರು ತೊದಲುತ್ತಾ, ನಾನು ಸರಿಯಾಗಿಯೇ ಊಟ ಮಾಡುತ್ತಿದ್ದೇನೆ, ನನ್ನನ್ನು ಕಾಯುವ ಅಗತ್ಯವೇ ಇಲ್ಲವಂತೆ, ಅವಳೇ ಹೇಳಿದಳು ಎಂದರು.

"ಕಾಯೋಕೆ ಬಂದಿದ್ರೆ ಒಂದು ತಿಂಗಳಿದ್ದು ಹೋಗ್ತಿದ್ದೆ ಅಳಿಯಂದಿರೇ" ಎಂದರು ಮಾವ, ಚಪ್ಪಲಿ ಬಿಡುತ್ತಾ. "ನನಗೂ ಡಾಕ್ಟರು ಎಣ್ಣೆ ಬಿಡಿಸಿ ವರ್ಷ ಆಯ್ತು. ನಿಮ್ಮತ್ತೆ ಮಾಡೋ ಸಪ್ಪೆ ಊಟ ಗಂಟಲಲ್ಲಿ ಇಳಿಯಲ್ಲ. ನೂರಕ್ಕೆ ತೊಂಬತ್ತು ತಗೊಳೋ ಕೈ ಮನೇಲೇ ಇರುವಾಗ ನಾನ್ಯಾಕೆ ಅಲ್ಲಿ ಉಪವಾಸ ಸಾಯ್ಲಿ? ನಾನು ಬಂದಿರೋದು ಊಟಕ್ಕೆ."

ಟ್ರಂಕುಗಳನ್ನು ಒಳಗಿಡಿಸಿ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ನಾಳೆಯಿಂದ ತಿಂಡಿ ಆರೂವರೆಗೆ ಆದರೆ ಸಾಕು, ಅದಕ್ಕೆ ಮೊದಲು ಇಬ್ಬರೂ ಓಡಿ ಬರೋಣ ಎಂದು ತಿಳಿಸಿ, ಈಗ ರಾತ್ರಿಗೆ ಏನು ಮಾಡುತ್ತೀರಿ ಎಂದು ಕೇಳಿದರು.