ಟಿಕ್ ಟಿಕ್ ನಿಂತ ಮೇಲೆ

ತೊಂದರೆ ಶುರುವಾದದ್ದು ಒಂದು ಸಣ್ಣ ಸದ್ದಿನಿಂದ. ಗುಮಾಸ್ತರ ಸೈಕಲ್ಲು ಇಳಿಜಾರಿನಲ್ಲಿ ತಾನಾಗಿ ಉರುಳುವಾಗ ಹಿಂದಿನ ಚಕ್ರದಲ್ಲಿ ಹಲ್ಲಿ ಲೊಚಗುಟ್ಟಿದ ಹಾಗೆ ಟಿಕ್ ಟಿಕ್ ಎನ್ನುತ್ತಿತ್ತು. ಇಪ್ಪತ್ತು ವರ್ಷದಿಂದ ಹಾಗೇ ಅನ್ನುತ್ತಿತ್ತು, ಯಾರಿಗೂ ನಿದ್ದೆ ಕೆಟ್ಟಿರಲಿಲ್ಲ. ಮನೆಗೆ ಬಂದಿದ್ದ ಬಾಮೈದ ಆವತ್ತು ಬೆಳಗ್ಗೆ ಅದನ್ನು ಕೇಳಿಸಿಕೊಂಡ.

“ಭಾವ, ಫ್ರೀವೀಲು ಅಳ್ತಾ ಇದೆ. ಹತ್ತು ನಿಮಿಷ ಕೊಡಿ.”

ಬಾಗಿಲ ಮುಂದೆ ಹಳೇ ಪೇಪರು ಹಾಸಿ ಬಿಚ್ಚಿದ, ಎಣ್ಣೆ ಹೊಯ್ದ, ತುಂಡಾಗಿದ್ದ ಸ್ಪ್ರಿಂಗಿನ ಜಾಗಕ್ಕೆ ಪಿನ್ನಿನ ಚೂರು ತುರುಕಿದ, ಮುಚ್ಚಿದ. ಮಿಕ್ಕ ಎಣ್ಣೆಯನ್ನು ಕಂಡಕಂಡಲ್ಲೆಲ್ಲ ಸವರಿದ. ಪೇಪರಿನ ಮೇಲೆ ಎರಡು ಸಣ್ಣ ಉಕ್ಕಿನ ಗುಂಡು ಉಳಿದಿದ್ದವು.

“ಇವು ಮಿಕ್ಕಿವೆಯಲ್ಲೋ?”

“ಮಿಕ್ಕಿದೆ ಅಂದ್ರೆ ಬೇಡ ಅಂತ ಅರ್ಥ, ಭಾವ.”

“ನನ್ನ ತಮ್ಮ ಕೈ ಹಾಕಿದ ಮೇಲೆ ಮುಗೀತು ಬಿಡ್ರೀ,” ಎಂದರು ಹೆಂಡತಿ ಹೆಮ್ಮೆಯಿಂದ.

ಗುಮಾಸ್ತರಿಗೆ ವಾದಕ್ಕೆ ಪುರುಸೊತ್ತಿರಲಿಲ್ಲ. ಹನ್ನೊಂದಕ್ಕೆ ಅವರ ಅರ್ಜಿ ಸಾಹೇಬರ ಮುಂದೆ ಬರುವುದಿತ್ತು. ಅವರು ಕೂರುವ ಕಡತದ ಕೋಣೆಯೂ ಸಾಹೇಬರ ಕೋಣೆಯೂ ಮೂರನೇ ಮಹಡಿಯಲ್ಲಿ. ಐವತ್ತೆಂಟು ಮೆಟ್ಟಿಲು, ಲಿಫ್ಟಿಲ್ಲ. ಮಂಡಿ ನಿಜಕ್ಕೂ ಸವೆದಿತ್ತು. ಮೂರು ಕಡೆ ಕೂತು, ಒಮ್ಮೆ ದೇವರನ್ನೂ ಎರಡು ಸಲ ಕಟ್ಟಡ ಕಟ್ಟಿದವನನ್ನೂ ನೆನೆದು, ಕಾಲು ಗಂಟೆಗೆ ಮೇಲೆ ತಲುಪುತ್ತಿದ್ದರು. ಈಗ ಕೆಳಗೆ ಟಪಾಲು ವಿಭಾಗದಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ಆ ಕುರ್ಚಿ ಸಿಕ್ಕರೆ ನಿವೃತ್ತಿಯವರೆಗೆ ಮಂಡಿ ಉಳಿಯುತ್ತದೆ ಎಂಬುದೊಂದೇ ಆಸೆ.

ಮನೆಯಿಂದ ಆಫೀಸಿಗೆ ಇಳಿಜಾರು. ತುಳಿಯುವ ಕೆಲಸವಿಲ್ಲ, ಕಾಲಿಟ್ಟುಕೊಂಡು ಕೂತರೆ ಸಾಕು. ಸಂಜೆ ತಳ್ಳಿಕೊಂಡು ಬರುತ್ತಿದ್ದರು.

ಆವತ್ತು ಇಳಿಜಾರು ಸಿಕ್ಕಿತು, ಟಿಕ್ ಟಿಕ್ ಕೇಳಲಿಲ್ಲ. ಕೇಳದಿದ್ದರೆ ಹೋಗಲಿ, ಪೆಡಲು ನಿಲ್ಲಲೇ ಇಲ್ಲ. ಚಕ್ರ ಉರುಳಿದಷ್ಟೂ ಚೈನು ಎಳೆಯಿತು, ಚೈನು ಎಳೆದಷ್ಟೂ ಪೆಡಲು ತಿರುಗಿತು, ಪೆಡಲಿನ ಜೊತೆ ಗುಮಾಸ್ತರ ಕಾಲೂ ತಿರುಗಿತು. ಕಾಲೆತ್ತಿದರೆ ಪೆಡಲು ಮೊಣಕಾಲಿನ ಕೆಳಗೆ ಬಾರಿಸಿತು. ಬ್ರೇಕು ಹಿಡಿದರೆ ಬಾಮೈದ ಸವರಿದ ಎಣ್ಣೆ ನುಣ್ಣಗೆ ಜಾರಿಸಿತು.

ಕ್ಷೌರದ ಅಂಗಡಿಯವನು ಕತ್ತರಿ ಹಿಡಿದೇ ಹೊರಗೆ ಬಂದ. “ಯಾರಿಗೇನಾಯ್ತು ಗುಮಾಸ್ತ್ರೇ?”

ಪತ್ರಿಕೆ ಅಂಗಡಿಯ ಮುಂದೆ ಆಫೀಸಿನ ಕ್ಯಾಷಿಯರು ನಿಂತಿದ್ದರು. “ಅಬ್ಬಾ, ಇವರ ಮಂಡಿ ನೋಡ್ರೀ, ಹೊಲಿಗೆ ಮಿಷನ್ನು!” ಎಂದು ಪಕ್ಕದವರಿಗೆ ತೋರಿಸಿದರು. ಪಕ್ಕದವರು ಸಾಹೇಬರು.

“ನಾನಲ್ಲಾ, ಸೈಕಲ್ಲೂ!” ಎಂದು ಗುಮಾಸ್ತರು ಕೂಗಿದರು. ಮಾತು ಮುಗಿಯುವಷ್ಟರಲ್ಲಿ ಆ ರಸ್ತೆಯೇ ಮುಗಿದಿತ್ತು.

ಕೊನೆಗೆ ಮರಳಿನ ರಾಶಿಯೊಂದು ಅವರನ್ನು ಹಿಡಿದುಕೊಂಡಿತು. ಎದುರಿಗೇ ಇದ್ದ ಸೈಕಲ್ ರಿಪೇರಿಯವನು ಎಬ್ಬಿಸಿ, ಚಕ್ರ ಕಳಚಿ, ವೈದ್ಯನ ಗಾಂಭೀರ್ಯದಿಂದ ಒಳಗೆ ಬಗ್ಗಿ ನೋಡಿದ.

“ಯಾರು ಮುಟ್ಟಿದ್ದು ಇದನ್ನ?”

“ಹೆಂಡತಿ ತಮ್ಮ.”

“ಹಾಗಾದ್ರೆ ಮಾತಾಡೋ ಹಾಗಿಲ್ಲ ಬಿಡಿ. ನೋಡಿ, ಇದರೊಳಗೆ ಎರಡು ಪುಟ್ಟ ನಾಲಿಗೆ. ನೀವು ತುಳಿದ್ರೆ ಹಲ್ಲು ಕಚ್ಚಿ ಚಕ್ರನ ಎಳೀತವೆ. ತುಳಿಯೋದು ಬಿಟ್ರೆ ಹಲ್ಲಿನ ಮೇಲೆ ಜಾರ್ತಾ ಟಿಕ್ ಟಿಕ್ ಅಂತವೆ. ಆ ಸದ್ದು ನಿಮ್ಮ ಕಾಲಿಗೆ ಸಿಕ್ಕಿದ ರಜೆ ಸ್ವಾಮಿ. ಈ ಪಿನ್ನು ನಾಲಿಗೆಗೆ ಸಿಕ್ಕಿಹಾಕ್ಕೊಂಡು ರಜೆ ರದ್ದಾಗಿದೆ.”

“ಆದ್ರೂ ಅಷ್ಟು ಜೋರಾಗಾ?”

“ಮುಂದೆ ನಲವತ್ತೆಂಟು ಹಲ್ಲು, ಹಿಂದೆ ಹದಿನಾರು. ನೀವು ಒಂದು ಸುತ್ತು ತುಳಿದ್ರೆ ಚಕ್ರ ಮೂರು ಸುತ್ತು. ಅದಕ್ಕೇ ಏರಿನಲ್ಲಿ ಭಾರ, ಸಮದಲ್ಲಿ ಓಟ. ಇವತ್ತು ಚಕ್ರನೇ ಯಜಮಾನ. ಅದು ಮೂರು ಸುತ್ತಿದಾಗೆಲ್ಲ ನಿಮ್ಮ ಕಾಲು ಒಂದು ಸುತ್ತಲೇಬೇಕು. ಪುಣ್ಯ, ಹಿಂದೆ ದೊಡ್ಡ ಹಲ್ಲಿನ ಚಕ್ರ ಇರ್ಲಿಲ್ಲ. ಇದ್ದಿದ್ರೆ ಕಾಲು ಇನ್ನೂ ಜೋರಾಗಿ ತಿರುಗೋದು.”

ಪಿನ್ನಿನ ಚೂರನ್ನು ಕಾಗದದಲ್ಲಿ ಕಟ್ಟಿಸಿಕೊಂಡು, ಸೈಕಲ್ಲನ್ನು ಅಲ್ಲೇ ಬಿಟ್ಟು ಗುಮಾಸ್ತರು ಹೊರಟರು. ಆಫೀಸಿನ ಗೇಟಿನಲ್ಲಿ ಟೈಪಿಸ್ಟಮ್ಮ ಕಾಯುತ್ತಿದ್ದರು.

“ಎಲ್ಲಿ ಹೋಗಿದ್ರಿ ಸಾರ್? ನಿಮ್ಮ ಮಂಡಿನೋವು ಸುಳ್ಳು ಅಂತ ಕ್ಯಾಷಿಯರು ಹೇಳಿದಾರೆ. ಸಾಹೇಬ್ರು ಅರ್ಜಿ ಮೇಲೆ ಬರೆಯೋಕೆ ಪೆನ್ ತೆಗೆದಿದಾರೆ!”

ಸುಳ್ಳು! ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಯಾರೂ ಆಡದ ಮಾತು. ಗುಮಾಸ್ತರ ಕಣ್ಣು ಕತ್ತಲಿಟ್ಟಿತು. ಮುಂದಿನದು ಅವರಿಗೆ ನೆನಪಿಲ್ಲ. ಸಾಹೇಬರ ಮೇಜಿನ ಮುಂದೆ ನಿಂತು ಪೊಟ್ಟಣ ಬಿಚ್ಚಿದ್ದರು. ನಾಲಿಗೆ, ಪಿನ್ನು, ನಲವತ್ತೆಂಟು, ಹದಿನಾರು, ಬಾಮೈದ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದರು.

ಸಾಹೇಬರು ಪಿನ್ನಿನ ಚೂರನ್ನು ಬೆಳಕಿಗೆ ಹಿಡಿದು ನೋಡಿದರು. ಅವರೂ ಒಂದು ಕಾಲಕ್ಕೆ ಸೈಕಲ್ಲು ತುಳಿದವರೇ.

“ನಂಬಿದೆ. ಸೈಕಲ್ಲಿನದೇ ತಪ್ಪು. ನನಗೂ ಬಾಮೈದ ಇದಾನೆ.”

ಗುಮಾಸ್ತರ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಬಾಗಿಲ ಚೌಕಟ್ಟು ಹಿಡಿದು ಟೈಪಿಸ್ಟಮ್ಮ ಕಾಣಿಸಿಕೊಂಡರು. ಏದುಸಿರು, ಮುಖವೆಲ್ಲ ಕೆಂಪು.

“ಅಯ್ಯೋ ಸಾರ್... ಎರಡೆರಡು ಮೆಟ್ಟಿಲು ಹಾರ್ಕೊಂಡು ಬಂದುಬಿಟ್ರಲ್ಲ! ನಿಧಾನ, ನಿಧಾನ ಅಂತ ಕೂಗಿದ್ರೂ ಕೇಳ್ಲಿಲ್ಲ.”

ಸಾಹೇಬರು ಪಿನ್ನನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

“ಸೈಕಲ್ಲಿಗೆ ಚೈನಿತ್ತು, ಒಪ್ಪಿದೆ. ಮೆಟ್ಟಿಲಿಗೆ ಯಾವ ಚೈನು ಗುಮಾಸ್ತ್ರೇ?”

ಸಾಹೇಬರು ಟೈಪಿಸ್ಟಮ್ಮನ ಕಡೆ ಕನಿಕರದಿಂದ ನೋಡಿ ಪೆನ್ನು ಎತ್ತಿಕೊಂಡರು. “ಪಾಪ, ನಿಮಗೆ ಮೂರು ಮಹಡಿ ಹತ್ತೋಕೆ ಎಷ್ಟು ಕಷ್ಟ ಆಗ್ತಿದೆ. ಟಪಾಲು ವಿಭಾಗಕ್ಕೆ ನೀವೇ ಹೋಗಿಬಿಡಿ.”

ಗುಮಾಸ್ತರು ಹೊರಗೆ ಬಂದರು. ಊಟದ ಡಬ್ಬಿ ಸೈಕಲ್ಲಿನಲ್ಲೇ ಉಳಿದಿತ್ತು. ಅದನ್ನು ತರಲು ಕಂಬಿ ಹಿಡಿದು, ಇಳಿಯುವ ಮೊದಲನೇ ಮೆಟ್ಟಿಲಿಗೆ ಕಾಲಿಟ್ಟರು. ಆವರೆಗೆ ಮರೆತುಹೋಗಿದ್ದ ಮಂಡಿಗೆ ಈಗ ಎಲ್ಲ ನೆನಪಾಯಿತು.

ಟಿಕ್, ಎಂದಿತು. ಎರಡನೇ ಮೆಟ್ಟಿಲಿಗೆ ಮತ್ತೊಮ್ಮೆ, ಟಿಕ್.

ಇನ್ನೂ ಐವತ್ತಾರು ಬಾಕಿ ಇದ್ದವು.