ತಗಡು ಕೊರೆಯುವ ಭಾವ

ನನ್ನ ಭಾವನಿಗೆ ಮನುಷ್ಯರಿಗಿಂತ ತಗಡಿನ ಮೇಲೆ ನಂಬಿಕೆ ಹೆಚ್ಚು. ತಗಡು ಎದುರುತ್ತರ ಕೊಡುವುದಿಲ್ಲವಂತೆ! ಕೊಡದೆ ಏನು? ಅವರ ಜಗಲಿಯಲ್ಲಿ ಗರಗಸ ಶುರುವಾದರೆ ತಗಡಿನ ಕಿರುಚಾಟ ಕುಂಬ್ರ ಪೇಟೆಯವರೆಗೆ ಕೇಳುತ್ತದೆ.

ಭಾವ ಮೂವತ್ತು ವರ್ಷ ಪುತ್ತೂರು–ಸುಳ್ಯ ಬಸ್ಸು ಓಡಿಸಿದವರು. ಅವರ ಬಸ್ಸಿನಿಂದ ಇಳಿದವರು ಸ್ವಲ್ಪ ಹೊತ್ತು ಯಾವುದಾದರೂ ಕಂಬ ಹಿಡಿದು ನಿಲ್ಲುತ್ತಿದ್ದರು. ನಿವೃತ್ತರಾದ ವಾರವೇ ಒಂದು ಸ್ಕ್ರಾಲ್ ಸಾ ತರಿಸಿದರು. ನೂಲಿನಷ್ಟು ಸಪೂರದ ಬ್ಲೇಡು ಮೇಲೆ ಕೆಳಗೆ ಓಡುವ ಕರೆಂಟಿನ ಗರಗಸ ಅದು. ತಗಡನ್ನು ತೀರಾ ನಿಧಾನವಾಗಿ ತಳ್ಳಬೇಕು. ಅವಸರಪಟ್ಟರೆ ಬ್ಲೇಡು ತುಂಡು. ಮೊದಲ ದಿನ ಹನ್ನೊಂದು ಬ್ಲೇಡು ಮುರಿದವು.

"ಎಂತ ಭಾವ, ಇದಕ್ಕೆ ಬ್ರೇಕ್ ಇಲ್ವಾ?" ಎಂದೆ.

"ಉಂಟು ಮಾರಾಯ. ನನಗೆ ಅಭ್ಯಾಸ ಇಲ್ಲ."

ತೆಳು ತಗಡು ಅದುರದಂತೆ ಎರಡು ಪ್ಲೈವುಡ್ ಹಲಗೆಗಳ ನಡುವೆ ಇಟ್ಟು ಕೊರೆಯಬೇಕೆಂದು ಯಾರೋ ಹೇಳಿಕೊಟ್ಟರು. ಮಧ್ಯಾಹ್ನ ಅಕ್ಕ ಕಪಾಟು ತೆರೆದರೆ ಸೀರೆಗಳೆಲ್ಲ ಕೆಳಗಿನ ಅಂತಸ್ತಿನಲ್ಲಿದ್ದವು. ಮೇಲಿನ ಅಂತಸ್ತಿನ ಹಲಗೆ ಜಗಲಿಯಲ್ಲಿತ್ತು.

ಅಕ್ಕ ಎರಡು ದಿನ ಅವರೊಡನೆ ಮಾತು ಬಿಟ್ಟಳು. ಭಾವನಿಗೆ ಅದು ಗೊತ್ತಾದದ್ದು ಮೂರನೇ ದಿನ, ಅವಳು ಮಾತಾಡಿದಾಗ.

ಕಳೆದ ವರ್ಷ ಸಕ್ಕರೆ ಕಾಯಿಲೆಯಿಂದ ಅಕ್ಕನ ಕಣ್ಣು ಮಂಜಾಗತೊಡಗಿತು. ಇದ್ದಷ್ಟನ್ನು ಉಳಿಸಿಕೊಳ್ಳಬಹುದು, ಅಷ್ಟೇ ಎಂದರು ಡಾಕ್ಟರು. ನಾನು ಹೋಗಿದ್ದ ದಿನ ನಮ್ಮಿಬ್ಬರ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಬಿತ್ತು. ಭಾವ ನನ್ನನ್ನು ಒಮ್ಮೆ ನೋಡಿ ಪೂರ್ತಿ ಕುಡಿದರು. ನಾನೂ ಕುಡಿದೆ. ಡಬ್ಬಿ ಮುಚ್ಚುವಾಗ ಬೆರಳಿಗೆ ಅಂಟಿದ್ದನ್ನು ನಾಲಿಗೆಗೆ ಮುಟ್ಟಿಸಿದ ಅಕ್ಕನಿಗೆ ವಿಷಯ ತಿಳಿಯಿತು.

"ಇನ್ನು ಅಡುಗೆಯೂ ನನ್ನಿಂದ ಆಗುದಿಲ್ಲ," ಎಂದು ಅಲ್ಲೇ ಕುಳಿತು ಅತ್ತಳು.

ಭಾವ ಎದ್ದು ಜಗಲಿಗೆ ಹೋದರು. ನಾಲ್ಕು ದಿನ ಗರಗಸ ನಿಲ್ಲಲಿಲ್ಲ. ಐದನೇ ದಿನ ಅಡುಗೆಮನೆಯ ಪ್ರತಿ ಡಬ್ಬಿಯ ಮುಚ್ಚಳದ ಮೇಲೂ ಹಿತ್ತಾಳೆ ತಗಡಿನ ಒಂದೊಂದು ಆಕಾರ ಅಂಟಿತ್ತು. ಬೆರಳಿಗೆ ಚುಚ್ಚದಂತೆ ಅಂಚುಗಳನ್ನೆಲ್ಲ ಅರದಿಂದ ಉಜ್ಜಿದ್ದರು. ಅಕ್ಕನ ಕೈ ಹಿಡಿದು ಒಂದೊಂದರ ಮೇಲೂ ಆಡಿಸಿದರು.

"ಇದು ಬದನೆ," ಎಂದಳು ಅಕ್ಕ. "ಬದನೆ ಯಾರು ಡಬ್ಬಿಯಲ್ಲಿ ಇಡ್ತಾರೆ?"

"ಅದು ಒಣಮೆಣಸು. ಸ್ವಲ್ಪ ದಪ್ಪ ಆಯ್ತು. ನಾಳೆ ಬೇರೆ ಮಾಡಿ ಕೊಡ್ತೇನೆ."

ಅಕ್ಕ ಡಬ್ಬಿ ಕೊಡಲಿಲ್ಲ. ಅವಳ ಬೆರಳು ಇನ್ನೊಮ್ಮೆ ಆ ಅಂಚಿನ ಸುತ್ತ ನಿಧಾನವಾಗಿ ಹೋಗಿ ಬಂತು.

"ಬೇಡ. ನನಗೆ ಇನ್ನು ಮೆಣಸು ಹೀಗೆಯೇ ಇರುದು."