ಸೈಕಲ್ ಕಡ್ಡಿಯ ಟೋಪಿ

ಸ್ವಾತಿ, ಅಮೋಲ್, ನಿಮ್ಮ ಅಜ್ಜನಂಥ ವಿಚಿತ್ರ ಮನುಷ್ಯ ಕಲ್ಯಾಣದಿಂದ ಠಾಣೆಯವರೆಗೆ ಇನ್ನೊಬ್ಬರಿರಲಿಲ್ಲ! ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೇ ಹೇಳಿದವಳಲ್ಲ, ಈಗ ಹೇಳಿದರೆ ಅವರೇ ಗಾಬರಿಯಾದಾರು. ಅಮೋಲನಿಗೆ ಕನ್ನಡ ಓದಲು ಬಾರದು, ಸ್ವಾತಿ ಓದಿ ಹೇಳಲಿ. ಸ್ವಾತಿ, ನಿನ್ನ ತೊಟ್ಟಿಲಿನ ಫೋಟೋ ನೋಡಿ, ಟೋಪಿಯ ನೆತ್ತಿಯಲ್ಲಿ ಅಷ್ಟು ದೊಡ್ಡ ತೂತು ಯಾಕೆ ಎಂದು ನಗುತ್ತೀಯಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಅಪ್ಪ ಸಣ್ಣವನಿದ್ದಾಗ ನಾವು ಡೊಂಬಿವಲಿಯ ಚಾಳಿನಲ್ಲಿದ್ದೆವು, ಸಾಲು ಮನೆಗಳಿಗೆಲ್ಲ ಒಂದೇ ನಳ. ನನಗೆ ವಿಷಮಜ್ವರ ಬಂತು. ಜ್ವರ ಹೋಗುವಾಗ ಕೂದಲನ್ನೂ ಕರೆದುಕೊಂಡು ಹೋಯಿತು. ಬೋಳು ತಲೆ, ಅದರ ಮೇಲೆ ಗುಳ್ಳೆ. ಸೆರಗು ಹೊದ್ದುಕೊಳ್ಳಬಹುದಿತ್ತಲ್ಲ ಎನ್ನುತ್ತೀರಾ? ಕೂದಲಿಲ್ಲದ ತಲೆಯ ಮೇಲೆ ಸೆರಗು ನಿಲ್ಲುತ್ತದೆಯೇ? ಒಂದು ದಿನ ಎರಡೂ ಕೈಯಲ್ಲಿ ಕೊಡ ಹಿಡಿದು ನಳದಿಂದ ಬರುವಾಗ ಅದು ಜಾರಿ ಹೆಗಲಿಗೆ ಬಿತ್ತು. ಹೆಂಗಸರೆಲ್ಲ ತಿರುಗಿ ನೋಡಿದರು. ಒಬ್ಬಾಕೆ ನನ್ನ ಕೊರಳಲ್ಲಿ ತಾಳಿ ಇದೆಯೇ ಎಂದು ನೋಡಿದಳು.

ಆಮೇಲೆ ನಾನು ಹೊಸ್ತಿಲು ದಾಟಲಿಲ್ಲ. ನೀರು ನಿಮ್ಮ ಅಜ್ಜನೇ ತಂದರು.

ಠಾಣೆಯ ಕಾರ್ಖಾನೆಯಲ್ಲಿ ಫಿಟ್ಟರ್ ಅವರು. ಒಂದು ಸಂಜೆ ನಾಲ್ಕು ಸೈಕಲ್ ಕಡ್ಡಿಗಳ ತುದಿಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿ ತಂದರು. ನನಗೊಂದು ಟೋಪಿ ಮಾಡಲು, ನಾವೆಲ್ಲ ಕಾಕು ಎನ್ನುತ್ತಿದ್ದ ಪಕ್ಕದ ಮನೆಯ ಮರಾಠಿ ಹೆಂಗಸಿನ ಎದುರು ಚಕ್ಕಳಮಕ್ಕಳ ಹಾಕಿ ಕೂತು ಹೆಣಿಗೆ ಕಲಿತರು. ಹೊಲಿಗೆ ಇದ್ದರೆ ನನ್ನ ಗುಳ್ಳೆಗೆ ಉಜ್ಜುತ್ತದೆ, ಆದ್ದರಿಂದ ಮೂರು ಕಡ್ಡಿಯ ಮೇಲೆ ದಾರ ಏರಿಸಿ, ನಾಲ್ಕನೆಯದರಿಂದ ಸುತ್ತಲೂ ಹೆಣೆಯುವುದು. ಸೆಕೆಗೆ ಉಣ್ಣೆ ಬೇಡ, ಹತ್ತಿಯ ದಾರ. ಗಾಳಿಯಾಡಲು ಸಾಲು ಸಾಲು ತೂತು.

ನಮ್ಮ ಅತ್ತೆ ಸುಮ್ಮನಿರುತ್ತಾರೆಯೇ? "ತಲಿ ಮುಚ್ಚಾಕ ಹೆಣೀತಿ, ಮತ್ತ ತೂತ ಯಾಕ ಬಿಡ್ತಿ?"

"ಗಾಳಿಗವ್ವ. ಈ ಊರಾಗ ಪುಕ್ಕಟ ಸಿಗೂದು ಅದೊಂದ."

ಮೊದಲ ಟೋಪಿಯಲ್ಲಿ ಸುತ್ತು ಕೂಡಿಸುವಾಗ ಅಂಚು ತಿರುಚಿದ್ದನ್ನು ನೋಡಲಿಲ್ಲ. ನಾಲ್ಕು ಬೆರಳು ಬೆಳೆದ ಮೇಲೆ ಅದು ಎಂಟರ ಅಂಕೆಯಂತೆ ನಿಂತಿತು! ಯಂತ್ರಗಳ ತಪ್ಪು ಹುಡುಕುವ ಮನುಷ್ಯ, ದಾರದ್ದೇ ತಪ್ಪು ಎಂದರು. ಎರಡನೆಯದು ಹಿಗ್ಗಿತು. ಒಂದು ತೂತು ಬಿಟ್ಟರೆ ಪಕ್ಕದ ಎರಡು ಕುಣಿಕೆಗಳನ್ನು ಕೂಡಿಸಿ ಒಂದು ಮಾಡಬೇಕಂತೆ, ಮರೆತಿದ್ದರು. ಅತ್ತೆ ಅದನ್ನು ಹಿಟ್ಟಿನ ಡಬ್ಬಿಗೆ ತೊಡಿಸಿ, ಅಳತಿ ಬರೋಬರಿ ಆತು ಎಂದರು.

ಲೋಕಲ್‌ನಲ್ಲಿ ಕೂತು ಹೆಣೆಯಬೇಕೆಂದು ತುಂಬಿ ಬಂದ ಒಂದೆರಡು ರೈಲುಗಾಡಿ ಹತ್ತದೇ ಬಿಡುತ್ತಿದ್ದರಂತೆ. ಇದನ್ನು ಹೇಳಿದ್ದು ಜೊತೆಗೆ ಹೋಗುತ್ತಿದ್ದ ನಮ್ಮ ಚಾಳಿನವರು. ಯಾರೋ ಕೇಳಿದರಂತೆ, "ಏನ್ರೀ, ಬಸಿರು ಯಾರು?"

"ನಾನಽ. ಜರಾ ಸರೀರಿ, ಕೂಡಾಕ ಜಾಗಾ ಬಿಡ್ರಿ."

ಮೂರನೆಯದು ನನ್ನ ತಲೆಗೆ ಸರಿಯಾಗಿ ಕೂತಿತು. ಅದರ ಮೇಲೆ ಸೆರಗು ಹೊದ್ದೆ. ಜಾರಲಿಲ್ಲ. ಕೊಡ ತೆಗೆದುಕೊಂಡು ನಳಕ್ಕೆ ಹೋದೆ. ಅವರು ಬಾಗಿಲಲ್ಲಿ ನಿಂತು, ನನ್ನನ್ನಲ್ಲ, ಟೋಪಿಯನ್ನು ನೋಡುತ್ತಿರುವವರಂತೆ ನೋಡುತ್ತಿದ್ದರು.

ನನಗೆ ಕೂದಲು ಬಂತು, ಅವರ ಚಟ ಹೋಗಲಿಲ್ಲ. ಚಾಳಿನಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ತೂತಿನ ಟೋಪಿಯೇ! ನೀನು ನಿನ್ನ ಅಮ್ಮನ ಹೊಟ್ಟೆಯಲ್ಲಿದ್ದಾಗ, ಸ್ವಾತಿ, ನಿನಗೊಂದು ಶುರು ಮಾಡಿದರು. ಅದನ್ನು ಮುಗಿಸುವ ಮೊದಲೇ ಎದೆನೋವು. ಆಸ್ಪತ್ರೆಯ ಮಂಚದ ಮೇಲೂ ಬಿಡಲಿಲ್ಲ. ಕೊನೆಗೆ ಕಡ್ಡಿಗಳ ಸಮೇತ ನನ್ನ ಮಡಿಲಲ್ಲಿ ಇಟ್ಟರು.

"ಎಂಟು ಕುಣಿಕಿ ಉಳದಾವು. ಅದರಾಗ ದಾರ ಪೋಣಿಸಿ ಬಿಗಿಯಾಗಿ ಜಗ್ಗು. ಮುಗೀತು."

"ನೀವಽ ಜಗ್ಗರಿ" ಎಂದೆ. ನಕ್ಕರು.

ಮುಂದಿನ ಸಲ ನಾನು ನಳಕ್ಕೆ ಹೋದಾಗ ತಲೆ ತುಂಬ ಕೂದಲಿತ್ತು, ಕೊರಳಲ್ಲಿ ತಾಳಿ ಇರಲಿಲ್ಲ.

ನೀನು ಹುಟ್ಟಿದ ದಿನ ಕಡ್ಡಿಗಳನ್ನು ತೆಗೆದು, ಎಂಟು ಕುಣಿಕೆಗಳಲ್ಲಿ ದಾರ ಪೋಣಿಸಿದೆ. ಜಗ್ಗಿದೆ. ಪೂರ್ತಿ ಜಗ್ಗಲು ಕೈ ಬರಲಿಲ್ಲ. ಜಗ್ಗಿದರೆ ಅವರ ಕೆಲಸ ಮುಗಿದುಹೋಗುತ್ತಿತ್ತು. ಅಷ್ಟಕ್ಕೇ ಗಂಟು ಹಾಕಿಬಿಟ್ಟೆ. ನೀನು ನಗುವ ತೂತು ನಿಮ್ಮ ಅಜ್ಜನದಲ್ಲ, ನನ್ನದು.

ಸ್ವಾತಿಯ ಟೋಪಿ ಇಟ್ಟಿರುವ ಡಬ್ಬಿಯಲ್ಲೇ ಈ ಹಾಳೆಗಳನ್ನೂ ಜೋಪಾನವಾಗಿ ಇಡಿ. ಆ ನಾಲ್ಕು ಕಡ್ಡಿಗಳೂ ಅಲ್ಲೇ ಇವೆ. ತುಕ್ಕು ಕಾಗದಕ್ಕೆ ಹತ್ತೀತು, ಅವನ್ನು ಬೇರೆ ಬಟ್ಟೆಯಲ್ಲಿ ಸುತ್ತಿಡಿ.